ಒಂದು ಪ್ರಶ್ನೆ ಹಿಡಿದು ಬಳ್ಳಾರಿ ಸುತ್ತಿದ್ದು

ಬಳ್ಳಾರಿಗೆ ನೆಂಟರು ಬಂದರೆ ಮರುದಿನವೇ ಅವರನ್ನು ಹಂಪಿಗೆ ಕರೆದುಕೊಂಡು ಹೋಗುವುದು ನಮ್ಮ ಊರಿನ ವಾಡಿಕೆ. “ಇಲ್ಲಿ ನೋಡುವುದಕ್ಕೆ ಏನಿದೆ? ಕೋಟೆ ಒಂದು, ಬಿಸಿಲು ಒಂದು” ಎಂಬ ಮಾತು ಎಲ್ಲರ ನಾಲಿಗೆಯ ತುದಿಯಲ್ಲಿರುತ್ತದೆ. ಇಲ್ಲೇ ಹುಟ್ಟಿ ಬೆಳೆದ ನನಗೆ ಅದನ್ನು ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಅದಕ್ಕೇ ಕೆಲವು ವರ್ಷಗಳಿಂದ ಬಿಡುವು ಸಿಕ್ಕ ಭಾನುವಾರಗಳನ್ನು ಊರು ಸುತ್ತುವುದಕ್ಕೆ ಮೀಸಲಿಟ್ಟಿದ್ದೇನೆ.

ಸ್ಥಳಗಳ ಪಟ್ಟಿ ಮಾಡಿಕೊಂಡು ನಾನು ಹೊರಡುವುದಿಲ್ಲ. ಪಟ್ಟಿ ಕೈಯಲ್ಲಿದ್ದರೆ ಫೋಟೊ ತೆಗೆದು, ಗೀಟು ಹಾಕಿ ಮುಂದಕ್ಕೆ ಓಡುವ ಅವಸರ ಹುಟ್ಟುತ್ತದೆ. ಬದಲಿಗೆ ಒಂದು ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಉತ್ತರ ಗೊತ್ತಿರುವವರು ಯಾವ ಬೀದಿಯಲ್ಲಿದ್ದಾರೋ ಆ ಬೀದಿಗೆ ಹೋಗುತ್ತೇನೆ. ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಬಳ್ಳಾರಿಯ ಜನ ಮಾತಿಗೆ ಜಿಪುಣರಲ್ಲ. ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳುತ್ತಾರೆ, ಕನ್ನಡದಲ್ಲಿ ಕೇಳಿದರೆ ನಡುವೆ ಉರ್ದು ಬೆರೆಸುತ್ತಾರೆ. ಮಂಡಕ್ಕಿ ಒಗ್ಗರಣೆ, ಮಿರ್ಚಿ ಮುಂದಿಟ್ಟುಕೊಂಡು ಪಕ್ಕದಲ್ಲಿ ಕುಳಿತವರನ್ನು ಮಾತಿಗೆಳೆದರೆ ಅರ್ಧ ಕೆಲಸ ಆದಂತೆಯೇ.

ಮೊದಲ ಪ್ರಶ್ನೆ ನೀರಿನದು. ಹೆಬ್ಬಂಡೆಗಳ ಆ ಬೋಳು ಗುಡ್ಡದ ಮೇಲೆ ಕೋಟೆ ಕಟ್ಟಿದವರು ಏನು ಕುಡಿದು ಬದುಕಿದರು? ಮೇಲಿನ ಕೋಟೆ ವಿಜಯನಗರದ ಸಾಮಂತನಾಗಿದ್ದ ಹಂಡೆ ಹನುಮಪ್ಪ ನಾಯಕನ ಕಾಲದ್ದು. ಕೆಳಗಿನದನ್ನು ಕಟ್ಟಿಸಿದವನು ಹೈದರಾಲಿ. ಮೆಟ್ಟಿಲು ಹತ್ತಿ ತುದಿ ಮುಟ್ಟಿದರೆ ಉತ್ತರ ಕಣ್ಣೆದುರಿಗೇ ಇದೆ. ದೊಡ್ಡ ಬಂಡೆಗಳು ಒಂದಕ್ಕೊಂದು ಒರಗಿ ನಿಂತ ಬಿರುಕುಗಳಲ್ಲೇ ಆಳವಾದ ದೊಣೆಗಳಿವೆ. ಮಳೆ ನೀರು ಬಂಡೆಯ ಮೈಮೇಲೆ ಇಳಿದು ಅಲ್ಲಿಗೇ ಸೇರುತ್ತದೆ. ಬಿರುಕಿನೊಳಗೆ ಬಿಸಿಲು ಬೀಳುವುದು ಕಡಿಮೆಯಾದ್ದರಿಂದ ನೀರು ಬೇಗ ಆರುವುದೂ ಇಲ್ಲ. ಕೋಟೆಗೆ ಹೋದವರಲ್ಲಿ ಹೆಚ್ಚಿನವರು ಗೋಡೆಯ ಮೇಲೆ ನಿಂತು ಊರು ನೋಡಿ ಇಳಿದುಬಿಡುತ್ತಾರೆ. ಈ ದೊಣೆಗಳ ಬಳಿ ಒಂದು ಗಳಿಗೆ ನಿಂತರೆ ಕೋಟೆಯನ್ನು ಇಲ್ಲೇ ಏಕೆ ಕಟ್ಟಿದರು ಎನ್ನುವುದು ಹೊಳೆಯುತ್ತದೆ.

ಎದುರಿಗೆ ಕುಂಬಾರ ಗುಡ್ಡ. ಕೆಲವು ದಿಕ್ಕಿನಿಂದ ನೋಡಿದರೆ ಮನುಷ್ಯನೊಬ್ಬ ಆಕಾಶಕ್ಕೆ ಮುಖ ಮಾಡಿ ಮಲಗಿದಂತೆ ಕಾಣುತ್ತದೆ. ಅದು ಕೋಟೆಯ ಗುಡ್ಡಕ್ಕಿಂತ ಎತ್ತರ. ಕೋಟೆ ಮುಗಿದ ಮೇಲೆ, ಎದುರಿನ ಎತ್ತರದಿಂದ ಶತ್ರುಗಳು ಕೋಟೆಗೆ ಗುರಿಯಿಡಬಹುದು ಎಂದು ಕಂಡ ಹೈದರಾಲಿ, ಅದನ್ನು ಕಟ್ಟಿದ ಫ್ರೆಂಚ್ ಎಂಜಿನಿಯರನನ್ನು ನೇಣಿಗೆ ಹಾಕಿಸಿದ ಎಂಬ ಕಥೆ ಊರಿಗೆಲ್ಲ ಗೊತ್ತು. ಪೂರ್ವದ ಬಾಗಿಲ ಬಳಿ ಇರುವ ಸಮಾಧಿ ಅವನದೇ ಎನ್ನುವವರಿದ್ದಾರೆ, ಅದು ಸಂತರೊಬ್ಬರದು ಎಂದು ಕೈಮುಗಿಯುವವರೂ ಇದ್ದಾರೆ. ಎರಡನ್ನೂ ಕೇಳಿಸಿಕೊಂಡು ಬಂದೆ.

ನನ್ನನ್ನು ತುಂಬಾ ದಿನ ಹಿಡಿದಿಟ್ಟ ಪ್ರಶ್ನೆ ಕಲ್ಲಿನದು: ಕೋಟೆಗಿಂತ ಮೊದಲು ಇಲ್ಲಿ ಯಾರಿದ್ದರು?

ಸಂಗನಕಲ್ಲು ರಸ್ತೆಯಲ್ಲಿ ನಾವೆಲ್ಲ ಓಡಾಡುತ್ತೇವೆ. ಆ ಸಂಗನಕಲ್ಲು ಮತ್ತು ಪಕ್ಕದ ಕಪ್ಪಗಲ್ಲಿನ ಗುಡ್ಡಗಳಲ್ಲಿ ಸುಮಾರು 5,000 ವರ್ಷಗಳ ಹಿಂದಿನಿಂದ ನವಶಿಲಾಯುಗದ ಜನ ದನ ಸಾಕಿಕೊಂಡು, ಬೆಳೆ ಬೆಳೆದುಕೊಂಡು ಬಾಳಿದ್ದರು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇಲ್ಲೆಲ್ಲ ಅಲೆದು ಕಲ್ಲಿನ ಕೊಡಲಿಗಳನ್ನು ಆರಿಸಿದರು. ಮುಂದೆ 1940ರ ದಶಕದಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ಇಷ್ಟನ್ನು ಓದಿಕೊಂಡೇ ಹೋಗಿದ್ದೆ. ಆದರೆ ಗುಡ್ಡವನ್ನು ನೋಡುವ ಬಗೆ ಕಲಿಸಿದವರು ಅಲ್ಲಿ ಕುರಿ ಕಾಯುತ್ತಿದ್ದ ಒಬ್ಬ ತಾತ. “ಹೊತ್ತು ಏರಿದ ಮೇಲೆ ಬಂದರೆ ಏನೂ ಕಾಣುವುದಿಲ್ಲ ತಮ್ಮಾ, ನಾಳೆ ಬೆಳಗಾಗುತ್ತಲೇ ಬಾ” ಎಂದು ನನ್ನನ್ನು ಹಿಂದಕ್ಕೆ ಕಳಿಸಿದರು.

ಮರುದಿನ ಹೋದಾಗ ಆ ಮಾತಿನ ಬೆಲೆ ತಿಳಿಯಿತು. ಬೂದುಬಣ್ಣದ ಗ್ರಾನೈಟ್ ಗುಡ್ಡದ ನಡುವೆ ಕಪ್ಪು ಡಾಲರೈಟ್ ಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಅದು ಒಡೆದು ಬಿದ್ದ ಗುಂಡುಗಳ ಮೇಲೆ ಓರೆಬಿಸಿಲು ಬಿದ್ದಾಗ ಡುಬ್ಬದ ಎತ್ತುಗಳು ಒಂದೊಂದಾಗಿ ಎದ್ದು ಬಂದವು. ಉದ್ದನೆಯ ಕೊಂಬು, ಇಳಿದ ಬೆನ್ನು, ಕಡ್ಡಿಯಂಥ ಕಾಲು. ಗೆರೆ ಕೊರೆದು ಮಾಡಿದ ಚಿತ್ರಗಳಲ್ಲ ಅವು. ಕಲ್ಲಿನಿಂದ ಕಲ್ಲನ್ನು ಸಣ್ಣಗೆ ಕುಟ್ಟಿ, ಮೇಲಿನ ಕಪ್ಪು ಪೊರೆ ಸಿಡಿಸಿ ಮೂಡಿಸಿದವು. ಬೆರಳು ತಾಗಿಸದೆ ಹತ್ತಿರದಿಂದ ನೋಡಿದರೆ ಒಂದೊಂದು ಪೆಟ್ಟಿನ ಚುಕ್ಕೆಯೂ ಕಾಣುತ್ತದೆ. ಹೊತ್ತು ನೆತ್ತಿಗೆ ಬಂದರೆ ಅದೇ ಗುಂಡು ಬರಿಯ ಕಪ್ಪು ಕಲ್ಲು.

ತಾತ ಒಂದು ಗುಂಡಿನ ಬಳಿ ಕರೆದು ಸಣ್ಣ ಹರಳಿನಿಂದ ಮೆಲ್ಲಗೆ ತಟ್ಟಿದರು. ಗುಡಿಯ ಗಂಟೆಯಂತೆ ನಾದ ಬಂತು. ಆ ಜಾಗದಲ್ಲಿ ಬೊಗಸೆಯಂಥ ನುಣುಪಾದ ತಗ್ಗುಗಳಿದ್ದವು. ತಲೆಮಾರುಗಟ್ಟಲೆ ಅಲ್ಲೇ ತಟ್ಟಿ ತಟ್ಟಿ ಸವೆದದ್ದು. ಈ ಗುಡ್ಡದ ಕಲ್ಲುಗಳ ಸುದ್ದಿ 1892ರಷ್ಟು ಹಿಂದೆಯೇ ಬ್ರಿಟಿಷರ ಬರಹಗಳಲ್ಲಿ ಬಂದಿತ್ತು. ಈ ಶತಮಾನದ ಆರಂಭದಲ್ಲಿ ಸಂಶೋಧಕರು ಮತ್ತೆ ಬಂದು ಅಧ್ಯಯನ ನಡೆಸಿದಾಗ ಹೊರದೇಶಗಳ ಪತ್ರಿಕೆಗಳಲ್ಲೂ ಸುದ್ದಿಯಾಯಿತು. ಡಾಲರೈಟ್ ಒತ್ತೊತ್ತಾದ ಕಣಗಳ ಗಟ್ಟಿ ಕಲ್ಲು. ಅದಕ್ಕೇ ನಾದ, ಅದಕ್ಕೇ ಹರಿತ. ಕೊಡಲಿ ತಯಾರಿಸಿದವರು ಎಬ್ಬಿದ ಚಕ್ಕೆಗಳು ಇವತ್ತಿಗೂ ಕಾಲ ಕೆಳಗೆ ಸಿಗುತ್ತವೆ. ಅವನ್ನು ಎತ್ತಿಕೊಂಡು ಬರಬೇಡಿ, ಬಿದ್ದ ಜಾಗದಲ್ಲಿದ್ದರೆ ಮಾತ್ರ ಅವಕ್ಕೆ ಬೆಲೆ. ಸುತ್ತಲಿನ ಕಲ್ಲು ಗಣಿಗಾರಿಕೆ ಈಗಾಗಲೇ ಸಾಕಷ್ಟು ತಿಂದಿದೆ. ಜಲ್ಲಿ ಎಲ್ಲಿಂದ ಬೇಕಾದರೂ ತರಬಹುದು, ಆ ಎತ್ತುಗಳನ್ನು ಎಲ್ಲಿಂದ ತರುವುದು?

ಚಿತ್ರಗಳಲ್ಲಿ ಎತ್ತುಗಳೇ ಏಕೆ ತುಂಬಿವೆ ಎಂಬುದಕ್ಕೆ ಉತ್ತರದ ಒಂದು ತುಣುಕು ಹೊಸಪೇಟೆ ರಸ್ತೆಯ ಕುಡತಿನಿಯ ಬೂದಿದಿಬ್ಬದಲ್ಲಿದೆ. ದನಗಳ ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟು ಬೆಳೆದ ದಿಬ್ಬ ಅದು. ಇವೆರಡನ್ನೂ ನೋಡಿದ ಮೇಲೆ ನಗರದಲ್ಲಿ ಬ್ರೂಸ್ ಫೂಟ್ ಹೆಸರಿನಲ್ಲಿರುವ ಸಂಗನಕಲ್ಲು ಪ್ರಾಕ್ತನ ವಸ್ತು ಸಂಗ್ರಹಾಲಯಕ್ಕೆ ಹೋಗಿ. ಮೊದಲು ಸಂಗ್ರಹಾಲಯ, ಆಮೇಲೆ ಗುಡ್ಡ ಎನ್ನುವವರೂ ಇದ್ದಾರೆ. ನನ್ನ ಪ್ರಕಾರ ಗುಡ್ಡವೇ ಮೊದಲು. ಗಾಜಿನ ಹಿಂದಿನ ಕೊಡಲಿ ಆಗ ಗುರುತಿನವರಂತೆ ಕಾಣುತ್ತದೆ.

ಊರೊಳಗೆ ಹಿಡಿದ ಪ್ರಶ್ನೆ ಬೇರೆ: ನಾನು ಹಾಕಿಕೊಂಡ ಜೀನ್ಸ್ ಪ್ಯಾಂಟನ್ನು ಯಾರು ಹೊಲಿದರು? ಬಳ್ಳಾರಿಯ ಜೀನ್ಸ್ ದೇಶದ ಅನೇಕ ಕಡೆ ಹೋಗುತ್ತದೆ. ಆದರೆ ಅದು ಹುಟ್ಟುವ ಓಣಿಗಳೊಳಗೆ ನಾವು ಕಾಲಿಡುವುದಿಲ್ಲ. ನಾನು ಹೋದ ಮನೆಯ ಮುಂದಿನ ಕೋಣೆಯಲ್ಲಿ ಕಟಿಂಗ್ ಮಾಸ್ಟರ್ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ, ಯಂತ್ರದಿಂದ ಒಂದೇ ಸಲಕ್ಕೆ ಕತ್ತರಿಸುತ್ತಿದ್ದರು. ಒಳಗೆ ಒಬ್ಬರದು ಜೇಬು, ಇನ್ನೊಬ್ಬರದು ಜಿಪ್, ಮತ್ತೊಬ್ಬರದು ಬೆಲ್ಟಿನ ಪಟ್ಟಿ. ಪೀಸಿಗೆ ಇಷ್ಟು ಎಂದು ಕೂಲಿ. ಹೊಲಿದ ಗಂಟು ಪಕ್ಕದ ಮನೆಗೆ ಹೋಗುತ್ತದೆ. ಅಲ್ಲಿ ಹೆಂಗಸರು ಜಗಲಿಯಲ್ಲಿ ಕುಳಿತು ಉಳಿದ ದಾರದ ಎಳೆಗಳನ್ನು ಕತ್ತರಿಸುತ್ತಾರೆ. ಅವರ ಬೆರಳ ತುದಿಗಳಿಗೆ ನೀಲಿ ಹತ್ತಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ ಎಂದರು ಒಬ್ಬ ಅಕ್ಕ. ಇಂಥ ಕಡೆ ಕ್ಯಾಮೆರಾ ಹೊರಗೆ ತೆಗೆಯಬಾರದು. ಕೆಲಸದ ನಡುವೆ ಮಾತಾಡಿಸುತ್ತಿದ್ದೇವೆ ಎಂಬ ಅರಿವಿರಬೇಕು. ಚಹಾದ ಹೊತ್ತಿಗೆ ಹೋದರೆ ಇಬ್ಬರಿಗೂ ಅನುಕೂಲ.

ಕೌಲ್ ಬಜಾರಿನ ಹಿರಿಯರೊಬ್ಬರ ಬಾಯಿಂದ ಪಿಂಜಾರ ರಂಜಾನ್ ಸಾಬರ ವಿಷಯ ಕೇಳಿದ್ದನ್ನು ಇಲ್ಲಿ ಬರೆಯದಿದ್ದರೆ ಮನಸ್ಸು ಒಪ್ಪುವುದಿಲ್ಲ. ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದೇ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಆ ಸಂಭ್ರಮಕ್ಕೆ ಹಾಕಿದ್ದ ಚಪ್ಪರವನ್ನು ಹಿಂದಿನ ರಾತ್ರಿ ಕಾಯುತ್ತಿದ್ದ ರಂಜಾನ್ ಸಾಬರ ಮೇಲೆ ಆಸಿಡ್ ದಾಳಿ ನಡೆಯಿತು, ಅವರು ಉಳಿಯಲಿಲ್ಲ. ನವೆಂಬರ್ ತಿಂಗಳಲ್ಲಿ ಬೀದಿಬೀದಿಗೆ ಬಾವುಟ ಕಟ್ಟುವ ಹುಡುಗರಲ್ಲಿ ಈ ಹೆಸರು ಕೇಳಿದವರು ಕಡಿಮೆ. ನಾನು ಜೊತೆಗೆ ಕರೆದುಕೊಂಡು ಹೋಗುವ ಮಕ್ಕಳಿಗೆ ಮೊದಲು ಹೇಳುವುದೇ ಈ ಸಂಗತಿ.

ಹೊರಡುವವರಿಗೆ ಒಂದೆರಡು ಮಾತು. ಮಾರ್ಚ್ ಬಂತೆಂದರೆ ಗುಡ್ಡದ ತಿರುಗಾಟ ಬೆಳಿಗ್ಗೆ ಎಂಟರೊಳಗೆ ಮುಗಿಯಬೇಕು, ನೀರು ಧಾರಾಳವಾಗಿರಲಿ. ಗುಡ್ಡಕ್ಕೆ ಒಂಟಿಯಾಗಿ ಹೋಗಬೇಡಿ. ಕೇಳಿದ್ದನ್ನು ಅಂದೇ ರಾತ್ರಿ ಬರೆದಿಡಿ.

ಈಗ ನಾನು ಹಿಡಿದಿರುವ ಪ್ರಶ್ನೆ ನಾಟಕದ್ದು. ಧರ್ಮವರಂ ರಾಮಕೃಷ್ಣಮಾಚಾರ್ಯರ ಸರಸ ವಿನೋದಿನಿ ಸಭಾ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮ ಸಭಾ ಎರಡೂ ಇದೇ ಊರಿನಲ್ಲಿ ಪೈಪೋಟಿಯಿಂದ ಆಡಿದವು. ವಕೀಲಿಕೆ ಮಾಡುತ್ತಲೇ ರಂಗವನ್ನು ಆಳಿದ ಬಳ್ಳಾರಿ ರಾಘವ ಬೆಳೆದದ್ದೂ ಈ ವಾತಾವರಣದಲ್ಲೇ. ರಾಘವ ಕಲಾಮಂದಿರ ಎಲ್ಲರಿಗೂ ಗೊತ್ತು. ಆ ತಂಡಗಳು ಅದಕ್ಕಿಂತ ಮೊದಲು ಯಾವ ಬೀದಿಯಲ್ಲಿ ತಾಲೀಮು ನಡೆಸುತ್ತಿದ್ದವು, ಪರದೆ ಬರೆದವರು ಯಾರು, ವೇಷದ ಪೆಟ್ಟಿಗೆಗಳು ಯಾರ ಮನೆಯಲ್ಲಿ ಉಳಿದವು ಎಂದು ತೇರು ಬೀದಿಯ ಸುತ್ತಮುತ್ತಲಿನ ಹಳೆಯ ಮನೆಗಳಲ್ಲಿ ವಿಚಾರಿಸುತ್ತಿದ್ದೇನೆ. ನಿಮ್ಮ ಮನೆಯ ಅಟ್ಟದಲ್ಲಿ ಆ ಕಾಲದ ನಾಟಕದ ಕರಪತ್ರವೋ ಟಿಕೆಟ್ಟೋ ಸಿಕ್ಕರೆ ದಯವಿಟ್ಟು ರದ್ದಿಗೆ ಹಾಕಬೇಡಿ.