ದೊಡ್ಡವ್ವನ ರಾಟಿ ಮತ್ತು ಪದೇ ಪದೇ ರೀಸೆಟ್ ಆಗುತ್ತಿದ್ದ ನ್ಯಾನೊ

ಗುಳೇದಗುಡ್ಡದಲ್ಲಿ ನಮ್ಮ ದೊಡ್ಡವ್ವ ಇಂದಿಗೂ ಖಣದ (ರವಿಕೆ ಬಟ್ಟೆಯ) ಮಗ್ಗಕ್ಕೆ ಕಂಡಿಕೆ, ಅಂದರೆ ಲಾಳಿಯೊಳಗೆ ಕೂರುವ ನೂಲಿನ ಸುರುಳಿ, ಸುತ್ತುತ್ತಾಳೆ. ದಿನವಿಡೀ ರಾಟಿ ತಿರುಗಿಸಿ ಬಲಗೈ ಭುಜ ನೋಯುತ್ತಿತ್ತು. ಅದಕ್ಕೇ ರಾಟಿಗೆ 12 ವೋಲ್ಟಿನ ಡಿಸಿ ಮೋಟರ್ ಕೂರಿಸಿದೆ. ಸುತ್ತು ಎಣಿಸಲು ಹಾಲ್ ಸೆನ್ಸರ್ (ಅಯಸ್ಕಾಂತ ಹತ್ತಿರ ಬಂದರೆ ಗುರುತಿಸುವಂಥದು), ಲೆಕ್ಕಕ್ಕೆ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಮೋಟರ್ ಓಡಿಸಲು ಒಂದು ಮಾಸ್ಫೆಟ್, ಅಂದರೆ ಎಲೆಕ್ಟ್ರಾನಿಕ್ ಸ್ವಿಚ್. 400 ಸುತ್ತಾದರೆ ತಾನಾಗಿ ನಿಲ್ಲಬೇಕು. ಬಾಗಲಕೋಟೆ ನವನಗರದ ನನ್ನ ಮೇಜಿನ ಮೇಲೆ ಚೆನ್ನಾಗೇ ಓಡಿತು.

ಅವಳ ಮನೆಯಲ್ಲಿ ಓಡಲಿಲ್ಲ. ಸ್ವಿಚ್ ಒತ್ತಿದರೆ ಮೋಟರ್ ಒಮ್ಮೆ ಜಗ್ಗಿ ನಿಲ್ಲುತ್ತಿತ್ತು, ಮತ್ತೆ ಜಗ್ಗುತ್ತಿತ್ತು. ಎಣಿಕೆ ಸೊನ್ನೆಗೆ ಇಳಿಯುತ್ತಿತ್ತು. ಎರಡು ದಿನ ಪ್ರೋಗ್ರಾಂ ತಿದ್ದುತ್ತಾ ಕೂತೆ. ಲ್ಯಾಪ್‌ಟಾಪ್ ಜೋಡಿಸಿ ನೋಡಿದರೆ ಎಲ್ಲ ಸರಿ, ಬಿಚ್ಚಿದರೆ ಮತ್ತೆ ಅದೇ ಗೋಳು.

ಆಗ ದೊಡ್ಡವ್ವ ಹೇಳಿದಳು: "ತಮ್ಮಾ, ಮದಲ ಕೈಯಿಂದ ಒಂದೀಟು ತಿರುವಿ ಆಮ್ಯಾಲೆ ಒತ್ತಿದ್ರ ಚಲೋ ನಡೀತೈತಿ ನೋಡು."

ಇಡೀ ಉತ್ತರ ಆ ಮಾತಿನಲ್ಲೇ ಇತ್ತು. ನಿಂತ ಮೋಟರ್ ಅಂದರೆ ಬರೀ ತಂತಿಯ ಸುರುಳಿ. ತಿರುಗುವ ಮೋಟರ್ ಹಾಗಲ್ಲ, ಅದು ಡೈನಮೋದಂತೆ ತನ್ನದೇ ಒಂದು ವೋಲ್ಟೇಜ್ ಹುಟ್ಟಿಸಿ ಒಳಗೆ ಬರುವ ಕರೆಂಟಿಗೆ ಎದುರು ನಿಲ್ಲುತ್ತದೆ. ಪವರ್ ತೆಗೆದು ಮೋಟರಿನ ಎರಡು ತುದಿಗೆ ಮೀಟರ್ ಹಿಡಿದೆ. ಶಾಫ್ಟ್ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಐದಾರು ಸಲ ಅಳೆದೆ, ಸುಮಾರು 2 ಓಮ್ ಬಂತು. 12 ಭಾಗಿಸು 2, ಅಂದರೆ ಶುರುವಿಗೆ 6 ಆಂಪಿಯರ್. ನನ್ನ ಅಡಾಪ್ಟರ್ 2 ಆಂಪಿಯರಿನದು! ನ್ಯಾನೊಗೂ ಅದರಿಂದಲೇ ಪವರ್. ಮೋಟರ್ ಜಗ್ಗಿದ ಕ್ಷಣ ವೋಲ್ಟೇಜ್ ಕುಸಿದು ನ್ಯಾನೊ ರೀಸೆಟ್ ಆಗುತ್ತಿತ್ತು, ಅಂದರೆ ಪ್ರೋಗ್ರಾಂ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಮೇಜಿನ ಮೇಲೆ ರಾಟಿಯ ಭಾರ ಇರಲಿಲ್ಲ, ಮೇಲಾಗಿ ಯುಎಸ್‌ಬಿ ಕೇಬಲ್ ನ್ಯಾನೊಗೆ ಬೇರೆಯೇ 5 ವೋಲ್ಟ್ ಕೊಡುತ್ತಿತ್ತು. ಲ್ಯಾಪ್‌ಟಾಪ್ ಜೋಡಿಸಿದಾಗ ತೊಂದರೆ ಮಾಯವಾದರೆ ಮೊದಲು ಪವರ್ ಮೇಲೆ ಅನುಮಾನ ಪಡಿ, ಪ್ರೋಗ್ರಾಂ ಮೇಲೆ ಅಲ್ಲ.

ಆದರೂ ಅಂದಾಜಿನ ಮೇಲೆ ಸಾಮಾನು ಬದಲಿಸುವುದು ನನಗೆ ಸರಿ ಬರುವುದಿಲ್ಲ. ಮಲ್ಟಿಮೀಟರ್ ಇಲ್ಲಿ ಕೈಕೊಡುತ್ತದೆ. ಕೆಲವು ಮಿಲಿಸೆಕೆಂಡ್ ಮಾತ್ರ ಇರುವ ಕುಸಿತ ಅದರ ಪರದೆಗೆ ಬರುವುದೇ ಇಲ್ಲ. ಹಾಗಾಗಿ ಪ್ರೋಗ್ರಾಂ ಶುರುವಾದಾಗಲೆಲ್ಲ 13ನೇ ಪಿನ್ನಿನ ಎಲ್‌ಇಡಿ ಮೂರು ಸಲ ಮಿನುಗುವಂತೆ ಬರೆದೆ. ಸ್ವಿಚ್ ಒತ್ತಿದೆ. ಮೋಟರ್ ಜಗ್ಗಿತು, ಎಲ್‌ಇಡಿ ಮೂರು ಸಲ ಮಿನುಗಿತು. ರೀಸೆಟ್ ಖಚಿತ. ಆಮೇಲೆ ನ್ಯಾನೊವನ್ನು ಪವರ್ ಬ್ಯಾಂಕಿಗೆ ಹಾಕಿ, ಮೋಟರನ್ನು ಅಡಾಪ್ಟರಿನಲ್ಲೇ ಬಿಟ್ಟು, ಎರಡರ ಗ್ರೌಂಡ್ (ಮೈನಸ್ ವೈರ್) ಮಾತ್ರ ಸೇರಿಸಿದೆ. ರೀಸೆಟ್ ನಿಂತಿತು. (ಕೆಲವು ಪವರ್ ಬ್ಯಾಂಕ್ ಕರೆಂಟ್ ಕಡಿಮೆಯಾದರೆ ತಾವೇ ಆಫ್ ಆಗುತ್ತವೆ, ಅದನ್ನು ರೀಸೆಟ್ ಎಂದುಕೊಳ್ಳಬೇಡಿ.)

ಇನ್ನೊಂದು ತಪ್ಪು ಗ್ರೌಂಡಿನಲ್ಲಿತ್ತು. ಮೋಟರಿನ ಕರೆಂಟ್ ವಾಪಸ್ ಹೋಗುವುದಕ್ಕೂ ನ್ಯಾನೊಗೂ ಒಂದೇ ಕರಿ ಜಂಪರ್ ವೈರ್ ಹಾಕಿದ್ದೆ, ಕೂದಲಿಗಿಂತ ಸ್ವಲ್ಪ ದಪ್ಪ ಅನ್ನಬಹುದಾದ ಎಳೆಗಳದು. ಮೋಟರ್ ಓಡುತ್ತಿರುವಾಗ ನ್ಯಾನೊದ ಗ್ರೌಂಡ್ ಪಿನ್ನಿಗೂ ಅಡಾಪ್ಟರಿನ ಮೈನಸ್‌ಗೂ ಮೀಟರ್ ಹಿಡಿದರೆ 0.3 ವೋಲ್ಟ್ ತೋರಿಸಿತು. ಅಲ್ಲಿ ಸೊನ್ನೆಯ ಹತ್ತಿರ ಇರಬೇಕಿತ್ತು ಅಲ್ವಾ? ಓಡುವಾಗಲೇ ಇಷ್ಟಾದರೆ ಶುರುವಿನ ಹೊಡೆತಕ್ಕೆ ಇನ್ನೂ ಜಾಸ್ತಿ. ಮಾಸ್ಫೆಟ್‌ನಿಂದ 1 ಚದರ ಮಿಲಿಮೀಟರ್ ವೈರನ್ನು ನೇರ ಅಡಾಪ್ಟರಿಗೆ ಎಳೆದೆ. ನ್ಯಾನೊದ ಗ್ರೌಂಡ್ ಕೂಡ ಅಲ್ಲಿಗೇ, ಆದರೆ ಬೇರೆ ವೈರಿನಲ್ಲಿ.

ನಂತರ ನ್ಯಾನೊಗೆ ಪವರ್ ಕೊಡುವ ವಿನ್ ಪಿನ್ನಿಗೆ ಹೋಗುವ ದಾರಿಯಲ್ಲಿ 1ಎನ್5819 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವಂಥದು), ಅದರಾಚೆ ಚಾರ್ಜ್ ಕೂಡಿಡಲು 1000 ಮೈಕ್ರೊಫ್ಯಾರಡ್, 25 ವೋಲ್ಟಿನ ಕೆಪಾಸಿಟರ್ ಹಾಕಿದೆ. ಹೊರಗಿನ ವೋಲ್ಟೇಜ್ ಕುಸಿದರೂ ಡಯೋಡ್ ಕೆಪಾಸಿಟರಿನ ಚಾರ್ಜನ್ನು ಮೋಟರ್ ಕಡೆ ಹೋಗಗೊಡುವುದಿಲ್ಲ. ನ್ಯಾನೊಗೆ 30 ಮಿಲಿಆಂಪಿಯರ್ ಎಂದು ಹಿಡಿದರೆ, 50 ಮಿಲಿಸೆಕೆಂಡಿಗೆ ಇಳಿಯುವುದು ಒಂದೂವರೆ ವೋಲ್ಟ್ ಅಷ್ಟೇ. ಅದರೊಳಗೆ 5 ವೋಲ್ಟ್ ಮಾಡಿಕೊಡುವ ರೆಗ್ಯುಲೇಟರಿಗೆ ಬೇಕಾದ 7 ವೋಲ್ಟಿಗಿಂತ ಎಷ್ಟೋ ಮೇಲೆ ಇರುತ್ತೇವೆ. ಮೋಟರ್ ಬದಿಗೂ 2200 ಮೈಕ್ರೊಫ್ಯಾರಡಿನದು ಒಂದು ಹಾಕಿದೆ.

ಮೋಟರನ್ನು ಪಿಡಬ್ಲ್ಯೂಎಂನಿಂದ (ಪವರನ್ನು ಬೇಗ ಬೇಗ ಆನ್-ಆಫ್ ಮಾಡುವ ವಿಧಾನ) ಅರ್ಧ ಸೆಕೆಂಡಿನಲ್ಲಿ ಮೆಲ್ಲಗೆ ಏರಿಸುವುದು ಪ್ರೋಗ್ರಾಮಿನ ನಾಲ್ಕು ಸಾಲು. ನೂಲಿಗೂ ಅದೇ ಒಳ್ಳೆಯದು, ಶುರುವಿನ ಜಗ್ಗಿಗೆ ಎಳೆ ಹರಿಯುವುದಿಲ್ಲ. ಅಡಾಪ್ಟರನ್ನೂ 5 ಆಂಪಿಯರಿನದಕ್ಕೆ ಬದಲಿಸಿದೆ.

ರೀಸೆಟ್ ಹೋದ ಮೇಲೂ ಎಣಿಕೆ ಆಗಾಗ ಎರಡು ಮೂರು ಹಾರುತ್ತಿತ್ತು. ಇದು ಪವರ್ ಕಮ್ಮಿಯಾಗಿದ್ದಕ್ಕಲ್ಲ, ಮೋಟರಿನ ಬ್ರಶ್ ಕಿಡಿಯ ಕಿರಿಕಿರಿ. ಮೋಟರಿನ ತುದಿಗಳಿಗೇ 104 (0.1 ಮೈಕ್ರೊಫ್ಯಾರಡ್) ಸೆರಾಮಿಕ್ ಕೆಪಾಸಿಟರ್ ಸೋಲ್ಡರ್ ಮಾಡಿ, ಸೆನ್ಸರಿನ ವೈರುಗಳನ್ನು ಹೆಣೆದು ದೂರ ಎಳೆದು, ಸಿಗ್ನಲ್ ವೈರಿಗೆ 5 ವೋಲ್ಟಿನಿಂದ 10 ಕಿಲೊಓಮ್ ರೆಸಿಸ್ಟರಿನ ಪುಲ್‌ಅಪ್ ಕೊಟ್ಟೆ. ಸರಿಹೋಯಿತು. ಆಫ್ ಆದಾಗಿನ ವೋಲ್ಟೇಜ್ ಹೊಡೆತ ತಡೆಯಲು ಮೋಟರಿಗೆ ಉಲ್ಟಾ ಡಯೋಡ್ ಮತ್ತು ನ್ಯಾನೊ ಹೇಳುವ ಮೊದಲೇ ಮೋಟರ್ ಓಡದಂತೆ ಮಾಸ್ಫೆಟ್ ಗೇಟಿನಿಂದ (ಅದನ್ನು ಆನ್ ಮಾಡುವ ಕಾಲಿನಿಂದ) ಗ್ರೌಂಡಿಗೆ 10 ಕಿಲೊಓಮ್ ರೆಸಿಸ್ಟರ್ ಮೊದಲಿನಿಂದಲೂ ಇದ್ದವು. ಅವಿಲ್ಲದೆ ಸ್ವಿಚ್ಚನ್ನೇ ಹಾಕಬೇಡಿ.

ನೂಲು ಸಿಕ್ಕಿ ರಾಟಿ ಹಿಡಿದುಕೊಂಡರೆ ಮೋಟರ್ ಸುಡಬಾರದು. ಅದಕ್ಕೆ, ಒಂದು ಸೆಕೆಂಡ್ ಸೆನ್ಸರ್ ಸುದ್ದಿ ಬರದಿದ್ದರೆ ಪವರ್ ಕಡಿಯುವಂತೆ ಕೊನೆಗೆ ಸೇರಿಸಿದೆ. ದೊಡ್ಡವ್ವ ಅದನ್ನು ತಾನೇ ಪರೀಕ್ಷಿಸಿದಳು. ನಡೆಯುತ್ತಿದ್ದ ರಾಟಿಯನ್ನು ಅಂಗೈಯಿಂದ ಒತ್ತಿ ಹಿಡಿದು, ಮೋಟರ್ ಸದ್ದು ನಿಲ್ಲುವ ತನಕ ಕೈ ತೆಗೆಯಲಿಲ್ಲ.