ನಿಕೊದೇಮನಿಗೆ ಯೇಸು ‘ನೀವು’ ಅಂದದ್ದು ಯಾಕೆ?

ನಮ್ಮ ಸಭೆಯವರು ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನೆಗೆ ಸೇರುತ್ತೇವೆ. ಹಾಡು ಮುಗಿದ ಮೇಲೆ ಅರ್ಧ ಗಂಟೆ ವಾಕ್ಯ ಅಧ್ಯಯನ. ಅದನ್ನು ನಡೆಸುವುದು ನನ್ನ ಕೆಲಸ. ಆ ವಾರ ಯೋಹಾನನ ಸುವಾರ್ತೆಯ 3ನೇ ಅಧ್ಯಾಯ, ರಾತ್ರಿ ಹೊತ್ತು ಯೇಸುವನ್ನು ಹುಡುಕಿಕೊಂಡು ಬಂದ ನಿಕೊದೇಮನ ಭಾಗ. ಎಷ್ಟೋ ಸಲ ಓದಿದ್ದೇನಲ್ಲ ಅಂತ ಜಾಸ್ತಿ ತಯಾರಿ ಮಾಡಿಕೊಂಡಿರಲಿಲ್ಲ.

7ನೇ ವಚನಕ್ಕೆ ಬಂದಾಗ ಗೋಡೆಗೆ ಒರಗಿ ಕೂತಿದ್ದ ಅಜ್ಜಿಯೊಬ್ಬರು ಕೇಳಿದರು: “ಏನಪ್ಪಾ, ಯೇಸುಸ್ವಾಮಿ ಮೊದಲು ‘ನಿನಗೆ’ ಅಂತಾರೆ. ಅದೇ ಮಾತಲ್ಲಿ ‘ನೀವು ಹೊಸದಾಗಿ ಹುಟ್ಟಬೇಕು’ ಅಂತಾರೆ. ನಡುವೆ ಮರ್ಯಾದೆ ಕೊಟ್ರಾ?”

ನನಗೆ ಉತ್ತರ ಗೊತ್ತಿರಲಿಲ್ಲ. “ಮುಂದಿನ ವಾರ ಹೇಳ್ತೀನಿ ಅಜ್ಜಿ” ಅಂದೆ.

ನಾನು ಗ್ರೀಕ್ ಕಲಿತದ್ದು ನಲವತ್ತು ದಾಟಿದ ಮೇಲೆ, ಕೆಲಸ ಮುಗಿಸಿ ಬಂದು ರಾತ್ರಿ ಹೊತ್ತು. ದೇವಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರು ಎರಡು ವರ್ಷ ಪಾಠ ಹೇಳಿಕೊಟ್ಟರು. ಕನ್ನಡದವರಿಗೆ ಇಲ್ಲಿ ಒಂದು ಅನುಕೂಲ ಇದೆ. ಗ್ರೀಕ್‌ನಲ್ಲಿ ಎಪ್ಸಿಲಾನ್, ಈಟಾ ಬೇರೆ ಬೇರೆ ಅಕ್ಷರ. ಒಮಿಕ್ರಾನ್, ಒಮೇಗಾ ಕೂಡ ಹಾಗೆಯೇ. ಪಾಠದ ಉಚ್ಚಾರಣೆಯಲ್ಲಿ ಅವು ನಮ್ಮ ಎ ಮತ್ತು ಏ, ಒ ಮತ್ತು ಓ. ಹಾಗಾಗಿ ನಾನು ಗ್ರೀಕ್ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದ ದಿನಗಳಲ್ಲಿ ಆಗುತ್ತಿದ್ದ ಗೊಂದಲ ಆಮೇಲೆ ಆಗಲಿಲ್ಲ.

ಶನಿವಾರ ಬೆಳಗ್ಗೆ ಗ್ರೀಕ್ ಹೊಸ ಒಡಂಬಡಿಕೆ ತೆಗೆದೆ. 7ನೇ ವಚನದಲ್ಲಿ ‘ಸೊಯ್’ ಅಂತಿದೆ, ಅಂದರೆ ನಿನಗೆ. ಒಂದೇ ಪದ ದಾಟಿದರೆ ‘ಹುಮಾಸ್’ ಅಂತಿದೆ. ಅದು ಬಹುವಚನ. ಅಜ್ಜಿ ಹಿಡಿದದ್ದು ಸರಿಯಾಗಿಯೇ ಇತ್ತು. ಈಗಿನ ಇಂಗ್ಲಿಷ್‌ನಲ್ಲಿ ಎರಡೂ ‘ಯೂ’ ಆಗಿಬಿಡುತ್ತದೆ. ಕನ್ನಡದಲ್ಲಿ ಓದಿದ್ದರಿಂದಲೇ ಅವರ ಕಣ್ಣಿಗೆ ಬಿತ್ತು.

ಆದರೆ ಮರ್ಯಾದೆಯ ಪ್ರಶ್ನೆ ಉಳಿಯಿತು. ನಮ್ಮಲ್ಲಿ ಒಬ್ಬರಿಗೂ ‘ನೀವು’ ಅನ್ನುತ್ತೇವೆ, ಹತ್ತು ಜನಕ್ಕೂ ‘ನೀವು’ ಅನ್ನುತ್ತೇವೆ. ಆ ಕಾಲದ ಗ್ರೀಕ್ ಮಾತಿನಲ್ಲಿ ಈ ಪದ್ಧತಿ ಇಲ್ಲ. ಅಪೊಸ್ತಲರ ಕೃತ್ಯಗಳು 26ರಲ್ಲಿ ಪೌಲನು ರಾಜ ಅಗ್ರಿಪ್ಪನ ಮುಂದೆ ನಿಂತಾಗಲೂ ಅವನನ್ನು ಉದ್ದೇಶಿಸಿ ಏಕವಚನವನ್ನೇ ಬಳಸುತ್ತಾನೆ. ಅಂದಮೇಲೆ ಇಲ್ಲಿಯ ‘ನೀವು’ ಒಬ್ಬನಿಗೆ ಹೇಳಿದ್ದಲ್ಲ, ಹಲವರಿಗೆ ಹೇಳಿದ್ದು. ಯೇಸುವಿನ ಎದುರು ಇದ್ದದ್ದು ನಿಕೊದೇಮ ಒಬ್ಬನೇ ತಾನೇ? ಉಳಿದವರು ಯಾರು?

ಇಂಥ ಕಡೆ ನಾನು ಅಧ್ಯಾಯವನ್ನು ಮೊದಲಿಂದ ಗಟ್ಟಿಯಾಗಿ ಓದುತ್ತೇನೆ. ಮೂರನೇ ಸಲ ಓದುವಾಗ 2ನೇ ವಚನದಲ್ಲಿ ನಿಂತುಬಿಟ್ಟೆ. ನಿಕೊದೇಮ ಬಾಯಿ ತೆರೆದು ಆಡುವ ಮೊದಲ ಮಾತೇ ‘ನಾವು ಬಲ್ಲೆವು’. ಒಬ್ಬನೇ ಬಂದಿದ್ದಾನೆ, ‘ನಾವು’ ಅನ್ನುತ್ತಿದ್ದಾನೆ. ಅವನು ಫರಿಸಾಯ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದ್ಯ ಪಂಗಡದವನು; ಯೆಹೂದ್ಯರ ಹಿರಿಯರಲ್ಲಿ ಒಬ್ಬ. ತನ್ನ ಜೊತೆಯವರ ಪರವಾಗಿ ಮಾತಾಡುತ್ತಿದ್ದಾನೆ. ಯೇಸುವಿನ ‘ನೀವು’ ಆ ‘ನಾವು’ಗೆ ಉತ್ತರ. 11ನೇ ವಚನದಲ್ಲಿ ಮತ್ತೆ ಅದೇ ಆಗುತ್ತದೆ: ‘ನಿನಗೆ’ ಹೇಳುತ್ತೇನೆ ಅಂತ ಶುರುವಾಗಿ, ‘ನೀವು’ ಒಪ್ಪುವುದಿಲ್ಲ ಅಂತ ಮುಗಿಯುತ್ತದೆ. ಇಷ್ಟು ವರ್ಷ ಇದು ನನಗೆ ಕಂಡಿರಲೇ ಇಲ್ಲ.

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಅದೇ ಸಾಲಿನ ‘ಹೊಸದಾಗಿ’ ಅನ್ನುವ ಪದ ಬಿಡಲಿಲ್ಲ. ಗ್ರೀಕ್‌ನಲ್ಲಿ ಅದು ‘ಅನೋಥೆನ್’. ನಿಘಂಟು ತೆಗೆದರೆ ‘ಮತ್ತೆ’ ಅಂತಲೂ ಇರುತ್ತದೆ, ‘ಮೇಲಿನಿಂದ’ ಅಂತಲೂ ಇರುತ್ತದೆ. ಹಾಗಾಗಿ ನಿಘಂಟಿಗೆ ಮೊದಲು ಪದಾನುಕ್ರಮಣಿಕೆ, ಅಂದರೆ ಒಂದೊಂದು ಪದ ಎಲ್ಲೆಲ್ಲಿ ಬರುತ್ತದೆ ಅಂತ ತೋರಿಸುವ ಪುಸ್ತಕ, ತೆಗೆಯುವುದು ನನ್ನ ರೂಢಿ. ಆ ಬರಹಗಾರ ಆ ಪದವನ್ನು ಬೇರೆ ಕಡೆ ಹೇಗೆ ಬಳಸಿದ್ದಾನೆ ಅಂತ ಮೊದಲು ನೋಡಬೇಕು. ವ್ಯಾಖ್ಯಾನದ ಪುಸ್ತಕ ಕೊನೆಗೆ.

ಹೊಸ ಒಡಂಬಡಿಕೆಯಲ್ಲಿ ಅನೋಥೆನ್ 13 ಸಲ ಬರುತ್ತದೆ. ಯೋಹಾನನ ಸುವಾರ್ತೆಯಲ್ಲೇ 5 ಸಲ. ಎರಡು ಇದೇ ಮಾತುಕತೆಯಲ್ಲಿ, 3 ಮತ್ತು 7ನೇ ವಚನಗಳಲ್ಲಿ. ಮೂರನೆಯದು ಇದೇ ಅಧ್ಯಾಯದ 31ರಲ್ಲಿ, ಮೇಲಿನಿಂದ ಬರುವವನ ಬಗ್ಗೆ. ನಾಲ್ಕನೆಯದು 19:11, ಮೇಲಿನಿಂದ ಕೊಡದೆ ಇದ್ದರೆ ನಿನಗೆ ನನ್ನ ಮೇಲೆ ಅಧಿಕಾರವೇ ಇರುತ್ತಿರಲಿಲ್ಲ ಅಂತ ರೋಮ್‌ನ ಅಧಿಪತಿ ಪಿಲಾತನಿಗೆ ಯೇಸು ಹೇಳುವ ಮಾತು. ಐದನೆಯದು 19:23, ಶಿಲುಬೆಯ ಕೆಳಗೆ ಸಿಪಾಯಿಗಳ ಕೈಗೆ ಸಿಕ್ಕ ಅಂಗಿ. ಹೊಲಿಗೆ ಇಲ್ಲದೆ ಮೇಲಿನಿಂದ ನೇಯ್ದದ್ದು. ಈ ಕೊನೆಯ ಮೂರೂ ಕಡೆ ‘ಮತ್ತೆ’ ಅನ್ನುವ ಅರ್ಥಕ್ಕೆ ಜಾಗವೇ ಇಲ್ಲ.

ಹಾಗಾದರೆ 3ನೇ ವಚನದಲ್ಲೂ ಮೇಲಿನಿಂದ ಹುಟ್ಟುವುದೇ ಮುಖ್ಯ ಅರ್ಥ ಅಂತ ನನಗೆ ಅನ್ನಿಸುತ್ತದೆ. ಮುಂದಿನ ಮಾತುಗಳಲ್ಲಿ ಆತ್ಮನಿಂದ ಹುಟ್ಟುವ ವಿಷಯ ಬರುವುದೂ ಅದಕ್ಕೇ ಹೊಂದುತ್ತದೆ. ಆದರೂ ‘ಹೊಸದಾಗಿ’ ಅಂತ ಹಾಕಿದವರು ಸುಮ್ನೆ ಹಾಕಿಲ್ಲ. 4ನೇ ವಚನ ನೋಡಿ. ಮುದುಕನಾದವನು ತಾಯಿಯ ಹೊಟ್ಟೆಯಲ್ಲಿ ಎರಡನೆಯ ಸಲ ಸೇರಲು ಆಗುತ್ತದೆಯೇ ಅಂತ ನಿಕೊದೇಮ ಕೇಳುತ್ತಾನೆ. ಅವನ ಕಿವಿಗೆ ಬಿದ್ದದ್ದು ‘ಮತ್ತೆ’. ಕನ್ನಡದಲ್ಲಿ ‘ಮೇಲಿನಿಂದ ಹುಟ್ಟಬೇಕು’ ಅಂತ ಬರೆದರೆ ಅವನ ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಓದುವವರಿಗೆ ತಿಳಿಯುವುದಿಲ್ಲ. ಒಂದು ಗ್ರೀಕ್ ಪದ ಎರಡನ್ನೂ ಹೊತ್ತಿದೆ. ಅಂಥ ಪದ ನಮ್ಮಲ್ಲಿಲ್ಲ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದ ಜಾನ್ ಹ್ಯಾಂಡ್ಸ್ ಈ ಸಾಲಿನ ಮುಂದೆ ಎಷ್ಟು ಹೊತ್ತು ಕೂತಿದ್ದರೋ ಅಂತ ಆ ರಾತ್ರಿ ಯೋಚಿಸಿದೆ.

8ನೇ ವಚನದ ಗಾಳಿಯೂ ಹೀಗೇ. ಗಾಳಿಗೂ ಆತ್ಮಕ್ಕೂ ಗ್ರೀಕ್‌ನಲ್ಲಿ ಒಂದೇ ಪದ. ಅದಕ್ಕೆ ಇನ್ನೊಂದು ವಾರವೇ ಬೇಕು.

ಇದನ್ನೆಲ್ಲ ಹೇಗೆ ಹೇಳುವುದು ಅನ್ನುವುದೂ ನನಗೆ ಮುಖ್ಯ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಪದದ ಬಗ್ಗೆ “ನಮ್ಮ ಸತ್ಯವೇದದಲ್ಲಿ ತಪ್ಪಾಗಿದೆ” ಅಂದುಬಿಟ್ಟಿದ್ದೆ. ಹಿರಿಯರೊಬ್ಬರ ಮುಖ ಬಾಡಿಹೋಯಿತು. ಆ ಪುಸ್ತಕ ಹಿಡಿದೇ ಅವರು ಹೆಂಡತಿಯನ್ನು ಮಣ್ಣು ಮಾಡಿ ಬಂದಿದ್ದರು. ಅಂದಿನಿಂದ ಆ ಮಾತು ಆಡಿಲ್ಲ. ಅನುವಾದ ಮಾಡಿದವರ ಎದುರು ಯಾವ ಯಾವ ದಾರಿ ಇತ್ತು, ಯಾವುದನ್ನು ಹಿಡಿದರು, ಯಾಕೆ ಅಂತ ಹೇಳುತ್ತೇನೆ. ಸತ್ಯಕ್ಕೆ ಹತ್ತಿರವಾದ ಮಾತೂ ಅದೇ.

ಮುಂದಿನ ಶುಕ್ರವಾರ ಮೊದಲು ಅಜ್ಜಿಯ ಪ್ರಶ್ನೆಯನ್ನೇ ಎತ್ತಿಕೊಂಡೆ. ಅದು ಮರ್ಯಾದೆಯ ‘ನೀವು’ ಅಲ್ಲ, ‘ನೀವೆಲ್ಲರೂ’ ಅಂತ ಅರ್ಥ ಅಂದಾಗ ಅವರು ಮೊಮ್ಮಗಳ ಹತ್ತಿರ ಪೆನ್ಸಿಲ್ ಇಸಿದುಕೊಂಡು ಪುಟದ ಅಂಚಿನಲ್ಲಿ ‘ಎಲ್ಲರೂ’ ಅಂತ ಬರೆದುಕೊಂಡರು. ಆಮೇಲೆ ಪ್ರಾರ್ಥನೆ ಆಯಿತು, ಟೀ ಬಂತು. ನಾನು ಚಪ್ಪಲಿ ಹಾಕಿಕೊಳ್ಳುವಾಗ ಕರೆದರು. ಸತ್ಯವೇದ ಇನ್ನೂ ತೊಡೆಯ ಮೇಲೆ ತೆರೆದೇ ಇತ್ತು. ಒಂದು ಹಾಳೆ ಮುಂದಕ್ಕೆ ತಿರುಗಿಸಿ, 4ನೇ ಅಧ್ಯಾಯದ 21ನೇ ವಚನದ ಮೇಲೆ ಬೆರಳಿಟ್ಟಿದ್ದರು.

“ಬಾವಿ ಹತ್ರ ಆ ಸಮಾರ್ಯದ ಹೆಂಗಸು ಒಬ್ಬಳೇ ಅಲ್ವಾ ಇರೋದು? ಇಲ್ಲೂ ‘ನೀವು’ ಅಂದಿದ್ದಾರಲ್ಲಪ್ಪಾ.”