ಕಡಲತೀರದಿಂದ ಮರಳಿದ ಮೇಲೆ ಚರ್ಮದಲ್ಲಿ ಹರಿಯುವ ಗೆರೆ: ಏನು ಮಾಡಬೇಕು?

ಥಾಯ್ಲೆಂಡ್, ಬ್ರೆಜಿಲ್ ಅಥವಾ ಕೆರಿಬಿಯನ್ ದ್ವೀಪಗಳ ಮರಳಿನಲ್ಲಿ ಬರಿಗಾಲಲ್ಲಿ ಓಡಾಡಿ ಬಂದವರ ಪಾದ, ತೊಡೆ ಅಥವಾ ಪೃಷ್ಠದ ಮೇಲೆ ಸುಮಾರು 3 ಮಿಲಿಮೀಟರ್ ಅಗಲದ, ಅಂಕುಡೊಂಕಾದ ಕೆಂಪು ಗೆರೆ ಎದ್ದು ನಿದ್ದೆಗೆಡಿಸುವಷ್ಟು ತುರಿಸಿದರೆ, ಅದು ನಾಯಿ ಅಥವಾ ಬೆಕ್ಕಿನ ಕೊಕ್ಕೆಹುಳುವಿನ ಮರಿ ಇರಬಹುದು. ಪ್ರಾಣಿಗಳ ಮಲದಿಂದ ಮರಳಿಗೆ ಸೇರುವ ಈ ಮರಿಗೆ ಮನುಷ್ಯನ ಚರ್ಮದ ಒಳಪದರವನ್ನು ದಾಟುವ ಶಕ್ತಿ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ, ಅದು ಮೇಲ್ಪದರದಲ್ಲೇ ದಾರಿ ತಪ್ಪಿ ಅಲೆಯುತ್ತದೆ. ಗೆರೆ ಕೆಲವೇ ದಿನಗಳಲ್ಲಿ ಕಾಣಿಸಬಹುದು, ಕೆಲವೊಮ್ಮೆ ವಾರಗಳು ಕಳೆದ ಮೇಲೂ.

ಮೊದಲು ಗೆರೆಯ ತುದಿಗೆ ಪೆನ್ನಿನಿಂದ ಗುರುತು ಹಾಕಿ ಫೋಟೊ ತೆಗೆದಿಡಿ. ಮರುದಿನಕ್ಕೆ ಅದು ಕೆಲವು ಮಿಲಿಮೀಟರ್‌ನಿಂದ ಒಂದೆರಡು ಸೆಂಟಿಮೀಟರ್‌ವರೆಗೆ ಮುಂದುವರಿದಿದ್ದರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇಕಿಲ್ಲ. ಗಂಟೆಗೆ ಹಲವು ಸೆಂಟಿಮೀಟರ್ ಓಡುವ ಗೆರೆಯಾದರೆ, ಅದು ಕರುಳಿನಲ್ಲಿ ನೆಲೆಸುವ ಸ್ಟ್ರಾಂಗಿಲಾಯ್ಡಿಸ್ ಎಂಬ ಬೇರೆ ಹುಳುವಿನದಾಗಿರಬಹುದು, ತಡಮಾಡದೆ ತೋರಿಸಿಕೊಳ್ಳಿ.

ಸೂಜಿಯಿಂದ ಕೆದಕಬೇಡಿ, ಮಂಜುಗಡ್ಡೆಯಿಂದ ಸುಡಬೇಡಿ: ಮರಿ ಕಾಣುವ ಗೆರೆಯಲ್ಲಿ ಇರುವುದಿಲ್ಲ, ಅದರಿಂದ ಒಂದೆರಡು ಸೆಂಟಿಮೀಟರ್ ಮುಂದೆಯೇ ಇರಬಹುದು. ಹುಳುಕಡ್ಡಿ ಎಂದುಕೊಂಡು ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಮುಲಾಮು ಹಚ್ಚುವುದು ನಮ್ಮಲ್ಲಿ ತೀರ ಸಾಮಾನ್ಯ. ಅದರಿಂದ ತುರಿಕೆ ತಗ್ಗೀತು, ಹುಳು ಸಾಯದು.

ವೈದ್ಯರ ಬಳಿ ಯಾವ ದೇಶ, ಯಾವ ತೀರ, ಯಾವ ದಿನಾಂಕ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿಬಿಡಿ. ಸಾಮಾನ್ಯವಾಗಿ ದೇಹತೂಕದ ಪ್ರತಿ ಕಿಲೋಗೆ 200 ಮೈಕ್ರೋಗ್ರಾಂನಂತೆ ಒಂದೇ ಬಾರಿ ಐವರ್ಮೆಕ್ಟಿನ್, ಇಲ್ಲವೇ ಕೆಲವು ದಿನ ಆಲ್ಬೆಂಡಜೋಲ್ ಕೊಡುತ್ತಾರೆ. ಗರ್ಭಿಣಿಯರೂ, 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳ ಪೋಷಕರೂ ಅದನ್ನು ಮೊದಲೇ ತಿಳಿಸಬೇಕು. ಮಧ್ಯ ಆಫ್ರಿಕಾದಿಂದ ಬಂದವರಂತೂ ಸ್ವಂತವಾಗಿ ಐವರ್ಮೆಕ್ಟಿನ್ ನುಂಗಲೇಬಾರದು, ಏಕೆಂದರೆ ರಕ್ತದಲ್ಲಿ ಲೋವಾ ಲೋವಾ ಹುಳುವಿನ ಮರಿಗಳು ಬಹಳವಿದ್ದರೆ ಆ ಮಾತ್ರೆ ಮಿದುಳಿಗೇ ಅಪಾಯ ತರಬಲ್ಲದು.

ಗೆರೆಯಿಲ್ಲದೆ, ನಡುವೆ ಸಣ್ಣ ರಂಧ್ರವಿರುವ ಕುರು ಎದ್ದು ಒಳಗೆ ಏನೋ ಮಿಸುಕಾಡಿದಂತಾದರೆ ಅದು ನೊಣದ ಮರಿ. ಆಫ್ರಿಕಾದ ಟುಂಬು ನೊಣ ಒದ್ದೆ ಬಟ್ಟೆಯ ಮೇಲೆ ಮೊಟ್ಟೆಯಿಡುವುದರಿಂದ ಅಲ್ಲಿ ಹೊರಗೆ ಒಣಗಿಸಿದ್ದನ್ನೆಲ್ಲ, ಒಳಉಡುಪನ್ನೂ ಬಿಡದೆ, ಇಸ್ತ್ರಿ ಮಾಡಬೇಕು. ವಾರಗಟ್ಟಲೆ ಮಾಯದ, ನೋವಿಲ್ಲದ ಹುಣ್ಣಾದರೆ ಲೀಶ್ಮೇನಿಯಾ ಎಂಬ, ಸಣ್ಣ ಮರಳುನೊಣ ಕಚ್ಚಿ ಹರಡುವ ಪರಾವಲಂಬಿ ಸೂಕ್ಷ್ಮಜೀವಿಯ ಪರೀಕ್ಷೆಯ ಬಗ್ಗೆ ವಿಚಾರಿಸಿ.

ಮರಳಿನ ಮೇಲೆ ಚಪ್ಪಲಿ ಹಾಕಿ ನಡೆಯುವುದು, ಬರಿಮೈಯಲ್ಲಿ ಮಲಗುವ ಬದಲು ಕುರ್ಚಿ ಬಳಸುವುದು ಗೋಕರ್ಣದಂತೆ ಬೀದಿನಾಯಿಗಳಿರುವ ನಮ್ಮ ತೀರಗಳಿಗೂ ಸಲ್ಲುತ್ತದೆ.